ಹಳೆಯ ಬೆಂಜ್, ಮನೆಯ ಅಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಮರ್ಸಿಡಿಸ್‌ನ ಡಬ್ಲ್ಯೂ 124 ಮಾದರಿಯ ಕಾರುಗಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಪುಣೆಯಲ್ಲಿ ಜೋಡಣೆಯಾದ 1996ರ ಇ 220 ಕಾರನ್ನು ಕೊಂಡಿದ್ದೇನೆ. 17 ಇಂಚಿನ ಅಲಾಯ್ ಚಕ್ರ, ಎಲ್‌ಇಡಿ ಹೆಡ್‌ಲೈಟ್ ಮತ್ತು ಕಪ್ಪು ಫಿಲ್ಮ್ ಹಾಕಿಸಬೇಕೆಂದಿದ್ದೇನೆ. ನಿಮ್ಮ ಸಲಹೆ ಏನು? (ಬೆಂಗಳೂರು)

ಉತ್ತರ: ಚಕ್ರದ ವಿಷಯದಲ್ಲಿ ತುಸು ತಡೆಯಿರಿ. ನಿಮ್ಮ ಕಾರಿಗೆ ಕಾರ್ಖಾನೆ ಕೊಟ್ಟದ್ದು 195/65 ಆರ್ 15 ಅಳತೆಯ, ಅಂದರೆ 15 ಇಂಚಿನ ಚಕ್ರದ ಟೈರು. ಇದೇ ಮೈಕಟ್ಟಿನಲ್ಲಿ ಐದು ಲೀಟರಿನ ವಿ 8 ಇಂಜಿನ್ ಹೊತ್ತ, ಪೋರ್ಷೆ ಕಾರ್ಖಾನೆಯ ನೆರವಿನಿಂದ ತಯಾರಾದ 500 ಇ ಕಾರು ಕೂಡ 16 ಇಂಚಿನ ಚಕ್ರದ ಮೇಲೆಯೇ ಹೊರಬಂದಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಇ 220ಕ್ಕೆ 17 ಇಂಚು ಏಕೆ ಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಚಕ್ರ ದೊಡ್ಡದಾದಂತೆ ಟೈರಿನ ಗೋಡೆ ಗಿಡ್ಡವಾಗಬೇಕು, ಅದು ಗಿಡ್ಡವಾದಷ್ಟೂ ನಮ್ಮ ರಸ್ತೆಗುಂಡಿಗಳ ಹೊಡೆತ ನೇರವಾಗಿ ಸಸ್ಪೆನ್ಷನ್ನಿನ ಬುಷ್‌ಗಳಿಗೂ ಬಾಲ್ ಜಾಯಿಂಟ್‌ಗಳಿಗೂ ತಲುಪುತ್ತದೆ. ಈ ಕಾರನ್ನು ಜನ ಇಷ್ಟಪಟ್ಟ ಮೆತ್ತನೆಯ ಓಟವೇ ಹಾಳಾಗುತ್ತದೆ. ನೋಟಕ್ಕಾಗಿ ಬದಲಿಸಲೇಬೇಕೆಂದಿದ್ದರೆ 16 ಇಂಚಿನ ಚಕ್ರಕ್ಕೆ 205/55 ಟೈರು ಹಾಕಿಸಿ. ಹೊರವ್ಯಾಸದಲ್ಲಿ ಸುಮಾರು ಮೂರು ಮಿಲಿಮೀಟರಿನಷ್ಟೇ ವ್ಯತ್ಯಾಸ ಬರುವುದರಿಂದ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಚಕ್ರದ ನಡುವಿನ ರಂಧ್ರ 66.6 ಮಿಲಿಮೀಟರ್ ಇರಬೇಕು, ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ 110 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಹಳೆಯ ಚಕ್ರಗಳನ್ನು ಮಾತ್ರ ದಯವಿಟ್ಟು ಮಾರಬೇಡಿ.

ಹೆಡ್‌ಲೈಟಿನ ಪ್ರತಿಫಲಕವನ್ನು ಎಚ್ 4 ಎಂಬ ಹ್ಯಾಲೊಜೆನ್ ಬಲ್ಬಿನೊಳಗೆ ಉರಿಯುವ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ರೂಪಿಸಿದ್ದಾರೆ. ಅದರೊಳಗೆ ಎಲ್‌ಇಡಿ ಕೂರಿಸಿದರೆ ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ. ಅದರ ಬದಲು ಬ್ಯಾಟರಿಯಿಂದ ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚು) ಮೂಲಕ ದಪ್ಪ ತಂತಿ ಎಳೆದು ಒಳ್ಳೆಯ 60/55 ವಾಟಿನ ಬಲ್ಬು ಹಾಕಿ ನೋಡಿ. ಹಳೆಯ ತಂತಿಯಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ಮರಳಿ ಬಂದಾಗ ನಿಮಗೇ ಆಶ್ಚರ್ಯವಾಗುತ್ತದೆ. ಫಿಲ್ಮಿನ ವಿಚಾರ ಚಿಕ್ಕದು: ಮುಂದಿನ ಮತ್ತು ಹಿಂದಿನ ಗಾಜು ಶೇ 70ರಷ್ಟು, ಪಕ್ಕದವು ಶೇ 50ರಷ್ಟು ಬೆಳಕನ್ನು ಒಳಬಿಡಬೇಕೆಂದು ನಿಯಮವಿದೆ, ಕಪ್ಪು ಫಿಲ್ಮು ಅದಕ್ಕೆ ಒಗ್ಗುವುದಿಲ್ಲ.

ಪ್ರಶ್ನೆ: ನನ್ನ 1995ರ ಇ 220 ಬಿಸಿಯಾದ ಮೇಲೆ, ನಿಂತಲ್ಲೇ ಓಡುವ ಐಡಲಿಂಗ್‌ನಲ್ಲಿ ಏರಿಳಿಯುತ್ತದೆ, ಒಮ್ಮೊಮ್ಮೆ ನಿಂತೇಹೋಗುತ್ತದೆ. ಪ್ಲಗ್ ಮತ್ತು ಸೆನ್ಸರ್‌ಗಳನ್ನು ಬದಲಿಸಿದರೂ ಪ್ರಯೋಜನವಾಗಿಲ್ಲ. (ಹುಬ್ಬಳ್ಳಿ)

ಉತ್ತರ: ಇನ್ನೊಂದು ಭಾಗವನ್ನು ಕೊಳ್ಳುವ ಮೊದಲು ಇಂಜಿನ್ನಿನ ವೈರಿಂಗ್ ಹಾರ್ನೆಸ್ (ವಿದ್ಯುತ್ ತಂತಿಗಳ ಕಟ್ಟು) ನೋಡಿ. 1990ರ ದಶಕದ ಮೊದಲರ್ಧದಲ್ಲಿ ಮರ್ಸಿಡಿಸ್ ತನ್ನ ಹಲವು ಇಂಜಿನ್‌ಗಳಿಗೆ ಬಳಸಿದ ತಂತಿಯ ಹೊದಿಕೆ, ಕಾಲ ಕಳೆದಂತೆ ಇಂಜಿನ್ನಿನ ಶಾಖಕ್ಕೆ ಒಣಗಿ ಹಪ್ಪಳದಂತೆ ಪುಡಿಯಾಗುತ್ತದೆ. ನಿಮ್ಮ ಕಾರಿನ ಎಂ 111 ಇಂಜಿನ್ನೂ ಈ ಸಾಲಿಗೆ ಸೇರಿದ್ದು. ಬ್ಯಾಟರಿಯ ಸಂಪರ್ಕ ತೆಗೆದು, ಒಂದು ಕನೆಕ್ಟರಿನ ಹಿಂದಿನ ಹೊರಕವಚವನ್ನು ತುಸು ಸರಿಸಿ, ಒಳಗಿನ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ. ಹೊದಿಕೆ ಬಿರಿದು ತಾಮ್ರ ಕಂಡರೆ ಕಾರಣ ಸಿಕ್ಕಿತು. ಟೇಪು ಸುತ್ತಿ ಮುಂದೂಡಬೇಡಿ, ಏಕೆಂದರೆ ಬರಿಯ ತಂತಿಗಳೆರಡು ಒಂದಕ್ಕೊಂದು ತಗುಲಿದರೆ ಇಂಜಿನ್ನನ್ನು ನಿಯಂತ್ರಿಸುವ ದುಬಾರಿಯಾದ ಕಂಟ್ರೋಲ್ ಯೂನಿಟ್ಟೇ ಸುಟ್ಟುಹೋಗಬಹುದು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಹೊಂದಿಸುವ ಥ್ರಾಟಲ್ ಆಕ್ಚುವೇಟರ್‌ನೊಳಗಿನ ತಂತಿಗಳಿಗೂ ಇದೇ ರೋಗ ಉಂಟು. ಹಾರ್ನೆಸ್ ಮಾತ್ರ ಬದಲಿಸಿ ಇದನ್ನು ಮರೆತವರು ಮತ್ತೆ ಮೊದಲ ಹಂತಕ್ಕೇ ಬಂದು ನಿಲ್ಲುತ್ತಾರೆ.

ಹೊಸ ಹಾರ್ನೆಸ್ ಸಿಗದಿದ್ದರೆ, ಅಥವಾ ಅದರ ಬೆಲೆ ಕೈಗೆ ನಿಲುಕದಿದ್ದರೆ, ತಾಳ್ಮೆಯುಳ್ಳವರು ಮನೆಯಲ್ಲೇ ಹೊಸದಾಗಿ ಹೆಣೆಯಬಹುದು. ನಾನು ನನ್ನ ಕಾರಿನದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮೂರು ಭಾನುವಾರಗಳಲ್ಲಿ ಮುಗಿಸಿದೆ. ಹಳೆಯದನ್ನು ಬಿಚ್ಚುವ ಮೊದಲೇ ಪ್ರತಿ ಕನೆಕ್ಟರಿಗೂ ಚೀಟಿ ಕಟ್ಟಿ, ಪ್ರತಿ ತಂತಿಯ ಉದ್ದ, ದಪ್ಪ ಮತ್ತು ಬಣ್ಣವನ್ನು ಬರೆದಿಟ್ಟುಕೊಂಡು, ಶಾಖ ತಡೆಯುವ ಹೊದಿಕೆಯ ತಂತಿಯಿಂದ ಒಂದೊಂದನ್ನಾಗಿ ಬದಲಿಸಬೇಕು. ಕೊನೆಗೆ ಮಲ್ಟಿಮೀಟರಿನಿಂದ ಎರಡೆರಡು ಸಲ ಪರೀಕ್ಷಿಸದೆ ಬ್ಯಾಟರಿ ಜೋಡಿಸಬಾರದು.

ಪ್ರಶ್ನೆ: ನಮ್ಮ 250 ಡಿ ಕಾರಿನಲ್ಲಿ ಕೀ ತೆಗೆದ ಮೇಲೂ ಇಂಜಿನ್ ಓಡುತ್ತಲೇ ಇರುತ್ತದೆ. ಬಾಗಿಲುಗಳ ಸೆಂಟ್ರಲ್ ಲಾಕ್ ಕೂಡ ಸರಿಯಿಲ್ಲ. ಇಂಜೆಕ್ಷನ್ ಪಂಪ್ ಬಿಚ್ಚಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. (ಶಿವಮೊಗ್ಗ)

ಉತ್ತರ: ಪಂಪನ್ನು ಸದ್ಯಕ್ಕೆ ಮುಟ್ಟಿಸಬೇಡಿ. ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲದಿರುವುದರಿಂದ ಇಂಧನ ನಿಂತಾಗ ಮಾತ್ರ ಅದು ನಿಲ್ಲುತ್ತದೆ, ಮತ್ತು ಈ ಕಾರಿನಲ್ಲಿ ಇಂಧನವನ್ನು ನಿಲ್ಲಿಸುವುದು ವ್ಯಾಕ್ಯೂಮ್, ಅಂದರೆ ಗಾಳಿಯನ್ನು ಹೊರಗೆಳೆದಾಗ ಹುಟ್ಟುವ ಎಳೆತ. ಕೀ ತಿರುಗಿಸಿದಾಗ ತೆರೆಯುವ ಕವಾಟದ ಮೂಲಕ ಅದು ಇಂಜೆಕ್ಷನ್ ಪಂಪಿನ ಹಿಂದಿರುವ ಒಂದು ಪುಟ್ಟ ಡಯಾಫ್ರಾಮ್ (ಬಾಗುವ ಪೊರೆ) ಘಟಕವನ್ನು ಎಳೆಯುತ್ತದೆ. ಕೊಳವೆಯ ರಬ್ಬರ್ ತುದಿಗಳು ಬಿರಿದಿದ್ದರೂ, ಡಯಾಫ್ರಾಮ್ ಹರಿದಿದ್ದರೂ ಎಳೆತ ಸಾಲುವುದಿಲ್ಲ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪನ್ನು ಆ ಘಟಕಕ್ಕೆ ಜೋಡಿಸಿ ಎಳೆಯಿರಿ: ಪಂಪಿನ ಮಾಪಕದ ಮುಳ್ಳು ಕೆಳಗಿಳಿದರೆ ಘಟಕ ಹೋಗಿದೆ, ಇಳಿಯದೆ ನಿಂತರೆ ಕೀ ಕವಾಟವನ್ನೂ ಕೊಳವೆಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ. ಪೆಡಲಿನ ಒತ್ತನ್ನು ಹೆಚ್ಚಿಸುವ ಬ್ರೇಕಿನ ಬೂಸ್ಟರಿಗೂ ಅದೇ ಇಂಜಿನ್ ಪಂಪಿನಿಂದ ವ್ಯಾಕ್ಯೂಮ್ ಹೋಗುತ್ತದೆ. ಆದ್ದರಿಂದ ಪೆಡಲ್ ಗಟ್ಟಿಯಾಗಿದೆ ಅನ್ನಿಸಿದರೆ ಕಾರನ್ನು ರಸ್ತೆಗೆ ಇಳಿಸಲೇಬೇಡಿ. ದೋಷ ಸರಿಯಾಗುವವರೆಗೆ ಇಂಜಿನ್ ನಿಲ್ಲಿಸಲು ಬಾನೆಟ್ಟಿನ ಕೆಳಗೆ ಸ್ಟಾಪ್ ಎಂದು ಬರೆದ ಸನ್ನೆಯನ್ನು ಒತ್ತಿರಿ.

ಲಾಕಿನ ದೋಷ ಬೇರೆಯದು. ಹಿಂದಿನ ಡಬ್ಲ್ಯೂ 123ರಲ್ಲಿ ಲಾಕಿಗೂ ಇಂಜಿನ್ನಿನ ವ್ಯಾಕ್ಯೂಮೇ ಆಧಾರವಾಗಿತ್ತು, ಆದರೆ 124ರಲ್ಲಿ ಹಿಂದಿನ ಸೀಟಿನ ಕೆಳಗೆ ಅದಕ್ಕೆಂದೇ ವಿದ್ಯುತ್ ಪಂಪ್ ಇದೆ. ಬೀಗ ಹಾಕಿದ ಮೇಲೆ ಅದು ಬಹಳ ಹೊತ್ತು ಗುಂಯ್‌ಗುಡುತ್ತಿದ್ದರೆ ಯಾವುದೋ ಬಾಗಿಲಿನಲ್ಲಿ ಗಾಳಿ ಸೋರುತ್ತಿದೆ ಎಂದರ್ಥ.

ಪ್ರಶ್ನೆ: ಕಡಲ ಗಾಳಿಯಲ್ಲಿ ತುಕ್ಕಿನಿಂದ ಕಾರನ್ನು ಕಾಪಾಡುವುದು ಹೇಗೆ? (ಮಂಗಳೂರು)

ಉತ್ತರ: ಹೊರಗೆ ಹೊಳೆಯುವ ಬಣ್ಣವನ್ನು ನಂಬಬೇಡಿ. ಬಾಗಿಲ ಕೆಳಭಾಗದ ಪ್ಲಾಸ್ಟಿಕ್ ಹಲಗೆಗಳ ಹಿಂದೆ ಮತ್ತು ಜ್ಯಾಕ್ ಕೂರಿಸುವ ರಂಧ್ರಗಳ ಸುತ್ತ ಕೆಸರು ಕೂತು ಒಳಗೊಳಗೇ ಲೋಹವನ್ನು ತಿನ್ನುತ್ತದೆ. ಮಳೆಗಾಲ ಮುಗಿದ ಕೂಡಲೇ ಹಲಗೆಗಳನ್ನು ಬಿಚ್ಚಿ, ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ತುಕ್ಕು ಕಂಡಲ್ಲಿ ಉಜ್ಜಿ ಪ್ರೈಮರ್ ಬಳಿದು, ಟೊಳ್ಳು ಭಾಗಗಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ. ಸನ್‌ರೂಫ್ ಇದ್ದರೆ ಅದರ ನೀರಿನ ಕೊಳವೆಗಳನ್ನು ಮೆತ್ತನೆಯ ನೈಲಾನ್ ದಾರದಿಂದ ಶುಚಿಗೊಳಿಸಿ. ಕಾರಿನಡಿಗೆ ಹೋಗುವಾಗ ಮಾತ್ರ, ಕೆಲಸ ಎರಡೇ ನಿಮಿಷದ್ದಾದರೂ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳನ್ನಿಟ್ಟು ಅವುಗಳ ಮೇಲೆ ಭಾರ ಇಳಿಸಿದ ನಂತರವೇ ತಲೆ ಒಳಗಿಡಿ. ಡಿಕ್ಕಿಯಲ್ಲಿರುವ ಜ್ಯಾಕ್ ಪಂಕ್ಚರ್ ಆದಾಗ ಚಕ್ರ ಬದಲಿಸಲು ಕೊಟ್ಟದ್ದು.