ಹಳೇ ಮನೆ, ಹೊಸ ಬಣ್ಣ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಕಲ್ಲು-ಮಣ್ಣಿನ ಗೋಡೆಯ ಮನೆ. ಎರಡು ವರ್ಷದ ಹಿಂದೆ ಹಜಾರಕ್ಕೆ ಪುಟ್ಟಿ ಹಾಕಿಸಿ ಒಳ್ಳೇ ಎಮಲ್ಶನ್ ಹೊಡೆಸಿದೆವು. ಈಗ ನೆಲದಿಂದ ಎರಡೂವರೆ ಅಡಿವರೆಗೆ ಬಣ್ಣ ಹಪ್ಪಳದಂತೆ ಎದ್ದಿದೆ, ಬಿಳಿ ಪುಡಿ ಉದುರುತ್ತದೆ. ದಸರೆಗೆ ಮೊದಲು ಹಳದಿ ಹೊಡೆಸಬೇಕು ಅಂದುಕೊಂಡಿದ್ದೇವೆ. ಯಾವ ಕಂಪನಿಯದು ತರೋಣ?
— ಓದುಗರು, ಮಧುಗಿರಿ

ಉತ್ತರ: ಸದ್ಯಕ್ಕೆ ಯಾವ ಕಂಪನಿಯದೂ ಬೇಡ. ಬಣ್ಣವೂ ಸರಿಯಿದೆ, ಗೋಡೆಯೂ ಸರಿಯಿದೆ. ಎರಡಕ್ಕೂ ಕೂಡಿಬರುವುದಿಲ್ಲ ಅಷ್ಟೆ. ಹಳೇ ಮನೆಗಳ ಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಇರುವುದಿಲ್ಲ. ನೆಲದ ತೇವ ಗೋಡೆಯೊಳಗೆ ಮೇಲೇರುವಾಗ ಮಣ್ಣಿನ ಉಪ್ಪನ್ನೂ ಹೊತ್ತು ತರುತ್ತದೆ. ಸುಣ್ಣದ ಗೋಡೆಯಾದರೆ ಆ ತೇವ ಹಾಗೇ ಆರಿಹೋಗುತ್ತದೆ. ಎಮಲ್ಶನ್ ಪ್ಲಾಸ್ಟಿಕ್ಕಿನ ತೆಳು ಪೊರೆ. ತೇವ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ, ಉಪ್ಪು ಹರಳುಗಟ್ಟಿ ಪುಟ್ಟಿ ಸಮೇತ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಇದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಬಳಿಸಿದರೆ ಎರಡೂವರೆ ಅಡಿಯಲ್ಲಿದ್ದ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಸಿಮೆಂಟ್ ಗಾರೆ ಹಾಕಿಸಿದರೂ ಅದೇ ಕಥೆ.

ಮೊದಲು ಗೋಡೆಯ ಆ ಬದಿ ನೋಡಿ. ಬಚ್ಚಲ ನೀರು, ಚರಂಡಿ, ಪಾತ್ರೆ ತೊಳೆಯುವ ಕಲ್ಲು ಗೋಡೆಗೆ ತಾಗಿಕೊಂಡಿದ್ದರೆ ಅದನ್ನು ತಿರುಗಿಸದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಆಮೇಲೆ ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಪುಟ್ಟಿ, ಸಿಮೆಂಟ್ ಗಾರೆ ಎರಡನ್ನೂ ಕೆತ್ತಿಸಿ. ಉಪ್ಪಿನ ಪುಡಿಯನ್ನು ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಹಾಕಿ. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಕೆತ್ತಿದ ಜಾಗ ಆರಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳಿನ ಗಾರೆ ಹಾಕಿಸಿ, ಒಂದು ವಾರ ನೀರು ಚಿಮುಕಿಸುತ್ತಿರಿ.

ಬಣ್ಣಕ್ಕೆ ಸುಣ್ಣವೇ ಆಗಲಿ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ಪಾತ್ರೆಯಲ್ಲಿ ಮೊದಲು ನೀರಿರಲಿ, ಸುಣ್ಣದ ಹರಳನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಬಿಡಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಕಣ್ಣಿಗೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬಿಸಿಗೆ ಮೆತ್ತಗಾಗುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಕಬ್ಬಿಣದ ಡ್ರಮ್ಮೇ ಸರಿ. ಒಂದು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಬಿಸಿನೀರಲ್ಲಿ ಕರಗಿಸಿದ ಗೋಂದು ಸ್ವಲ್ಪ ಬೆರೆಸಿ. ಗೋಂದು ಹೆಚ್ಚಾದರೆ ಪದರ ಏಳುತ್ತದೆ. ಹಳದಿಗೆ ಹಳದಿ ಆಕ್ಸೈಡ್ ಪುಡಿ ಹಾಕಿ, ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರದಂತೆ. ಬಟ್ಟೆಗೆ ಹಾಕುವ ಬಣ್ಣದ ಪುಡಿ ಸುಣ್ಣದ ಖಾರಕ್ಕೆ ಬಿಳಚಿಕೊಳ್ಳುತ್ತದೆ. ಹಸಿಯಾಗಿದ್ದಾಗ ಕಾಣುವ ಹಳದಿ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ, ಆದ್ದರಿಂದ ಒಂದು ಮೂಲೆಯಲ್ಲಿ ಬಳಿದು ಮರುದಿನ ನೋಡಿ ತೀರ್ಮಾನಿಸಿ. ಇಡೀ ಹಜಾರಕ್ಕೆ ಬೇಕಾದಷ್ಟನ್ನು ಒಂದೇ ಸಲ ಕಲಸಿಕೊಳ್ಳಿ. ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಹೊಂದುವುದೇ ಇಲ್ಲ. ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು, ದಿನಕ್ಕೊಂದರಂತೆ ತೆಳುವಾಗಿ ಮೂರು ಸಲ ಬಳಿಯಿರಿ.

ಮೇಲ್ಭಾಗದಲ್ಲಿ ಗಟ್ಟಿಯಾಗಿ ಕೂತಿರುವ ಎಮಲ್ಶನ್ ಮೇಲೆ ಸುಣ್ಣ ಹಿಡಿಯುವುದಿಲ್ಲ. ಎಲ್ಲ ಕೆತ್ತಿಸುವುದು ಕಷ್ಟವೆಂದರೆ ಮೂರೂವರೆ ಅಡಿಯಲ್ಲಿ ಕೆಮ್ಮಣ್ಣಿನ ಪಟ್ಟಿ ಎಳೆದು, ಕೆಳಗೆ ಸುಣ್ಣದ ಹಳದಿ, ಮೇಲೆ ಇರುವ ಬಣ್ಣವನ್ನೇ ಉಳಿಸಿಕೊಳ್ಳಿ. ನಮ್ಮ ಕಡೆಯ ಹಳೇ ಮನೆಗಳಿಗೆ ಆ ಪಟ್ಟಿ ಒಪ್ಪುತ್ತದೆ ಕೂಡ.

ಪ್ರಶ್ನೆ: ಅತ್ತೆಯವರ ಹಳೇ ಟ್ರಂಕಿಗೆ ನೀಲಿ ಎನಾಮೆಲ್ ಬಳಿದು ಹಜಾರದಲ್ಲಿ ಕೂರುವ ಆಸನ ಮಾಡಿದೆ. ಆರು ತಿಂಗಳಿಗೇ ಉಗುರಲ್ಲಿ ಕೆರೆದರೆ ಬಣ್ಣ ಹಾಳೆಹಾಳೆಯಾಗಿ ಬರುತ್ತಿದೆ. ರೆಡ್ ಆಕ್ಸೈಡ್ ಪ್ರೈಮರ್ ಹೊಡೆದಿದ್ದೆ. ಮುಚ್ಚಳವೂ ತಗ್ಗಾಗಿದೆ.
— ಓದುಗರು, ಕೋಲಾರ

ಉತ್ತರ: ನಿಮ್ಮ ಟ್ರಂಕು ಜಿ.ಐ. ತಗಡಿನದು, ಅಂದರೆ ಸತು ಲೇಪಿಸಿದ ತಗಡು. ಬಣ್ಣ ಎದ್ದಿರುವ ಕಡೆ ನೋಡಿ, ಹೂ ಬಿಡಿಸಿದ ಹಾಗೆ ಬೂದು ಹರಳಿನ ಮಚ್ಚೆಗಳಿದ್ದರೆ ಅನುಮಾನವೇ ಬೇಡ. ಎನಾಮೆಲ್ ಆಗಲಿ, ಮಾಮೂಲಿ ರೆಡ್ ಆಕ್ಸೈಡ್ ಆಗಲಿ, ಅದರಲ್ಲಿರುವುದು ಎಣ್ಣೆಯ ಅಂಶ. ಸತು ಆ ಎಣ್ಣೆಯೊಂದಿಗೆ ನಿಧಾನಕ್ಕೆ ಬೆರೆತು ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ, ಬಣ್ಣ ಅದರ ಮೇಲೆ ಜಾರುತ್ತದೆ. ರೆಡ್ ಆಕ್ಸೈಡ್ ಬರೀ ಕಬ್ಬಿಣಕ್ಕೆ, ಅಂದರೆ ಕಿಟಕಿ ಸರಳು, ಗೇಟು, ಹಳೇ ಬೀರುವಿಗೆ.

ಎದ್ದಿರುವುದನ್ನೆಲ್ಲ ಪುಟ್ಟಿ ಬ್ಲೇಡಿನಲ್ಲಿ ತೆಗೆಯಿರಿ. ಉಳಿದದ್ದನ್ನು 120 ನಂಬರಿನ ವಾಟರ್ ಪೇಪರ್‌ನಿಂದ, ನೀರು ಹಾಕಿಕೊಂಡೇ ಉಜ್ಜಿ. ಇದಕ್ಕೆ ಕಾರಣವಿದೆ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅತ್ತೆಯವರ ಕಾಲದ ಬಣ್ಣದ ಒಣ ಧೂಳು ಮಕ್ಕಳ ಮೂಗಿಗೆ, ಬಾಯಿಗೆ ಹೋಗಬಾರದು. ಕೆಲಸ ಹೊರಗೇ ಮಾಡಿ, ಉಜ್ಜಿದ ಕೆಸರನ್ನು ಹಳೇ ಬಟ್ಟೆಯಲ್ಲಿ ಒರೆಸಿ ಕವರಿಗೆ ಕಟ್ಟಿ ಎಸೆಯಿರಿ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ‘ಜಿ.ಐ. ಪ್ರೈಮರ್’ ಅಥವಾ ‘ವಾಶ್ ಪ್ರೈಮರ್’ ಎಂದೇ ಕೇಳಿ ತಂದು ತೆಳುವಾಗಿ ಒಂದು ಕೋಟು ಹೊಡೆಯಿರಿ. ಅಂಗಡಿಯವರು ‘ಎಲ್ಲಾ ಒಂದೇ’ ಅನ್ನಬಹುದು, ಒಂದೇ ಅಲ್ಲ. ಮೇಲೆ ಎನಾಮೆಲ್ ಎರಡು ತೆಳು ಕೋಟು, ನಡುವೆ ಒಂದು ರಾತ್ರಿ ಬಿಡುವು. ದಪ್ಪಗೆ ಒಂದೇ ಸಲ ಬಳಿದರೆ ಇಳಿಜಾರಿನಲ್ಲಿ ಸೋರಿ ಗೆರೆಗೆರೆ ಬೀಳುತ್ತದೆ.

ಮುಚ್ಚಳದ ತಗಡು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ. 36ಕ್ಕೆ 18 ಇಂಚಿನ ಟ್ರಂಕಾದರೆ ಅದೇ ಅಳತೆಯ 12 ಎಂ.ಎಂ. ಪ್ಲೈವುಡ್ ಹಲಗೆ ಮಾಡಿಸಿ, ಕೆಳಬದಿಯ ಸುತ್ತ ಒಂದಿಂಚು ರೀಪು ಹೊಡೆಸಿ. ಆಗ ಭಾರ ತಗಡಿನ ನಡುವೆ ಬೀಳದೆ ಟ್ರಂಕಿನ ಅಂಚಿಗೆ ಹೋಗುತ್ತದೆ. ಮೇಲೆ ಎರಡಿಂಚಿನ, 32 ಡೆನ್ಸಿಟಿಯ ಫೋಮ್ ಇಟ್ಟು ಬಟ್ಟೆ ಎಳೆದು ಸ್ಟೇಪಲ್ ಹೊಡೆಯಿರಿ. ಕಾಲು ಬೇಕೆಂದರೆ ತಳದ ತಗಡಿಗೆ ಸ್ಕ್ರೂ ಹಾಕಬೇಡಿ, ಕೆಳಗೊಂದು ಮರದ ಚೌಕಟ್ಟು ಮಾಡಿ ಕೂರಿಸಿ.

ಪ್ರಶ್ನೆ: ರೇಷ್ಮೆ ಹುಳು ಗೂಡು ಕಟ್ಟಲು ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ನಮ್ಮ ಬಿದಿರಿನ ಚಂದ್ರಂಕಿಗಳು (ಸುರುಳಿ ಕೂರಿಸಿದ ತಟ್ಟಿಗಳು) ಅಟ್ಟದಲ್ಲಿ ಬಿದ್ದಿವೆ. ಮಗಳು ಒಂದನ್ನು ಮಂಚದ ಹಿಂದೆ ಗೋಡೆಗೆ ಹಾಕೋಣ ಅನ್ನುತ್ತಾಳೆ. ಹುಳ ಬೀಳಲ್ಲವೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಮಗಳ ಕಣ್ಣು ಚೆನ್ನಾಗಿದೆ. ಆರಕ್ಕೆ ನಾಲ್ಕು ಅಡಿಯ ಆ ಸುರುಳಿಗಿಂತ ಒಳ್ಳೇ ಗೋಡೆ ಅಲಂಕಾರ ಅಂಗಡಿಯಲ್ಲಿ ಸಿಗುವುದಿಲ್ಲ.

ಚಂದ್ರಂಕಿಯನ್ನು ಬಿಳಿ ಹಾಳೆಯ ಮೇಲೆ ಹಿಡಿದು ತಟ್ಟಿ. ಹಿಟ್ಟಿನಂಥ ನುಣುಪು ಪುಡಿ ಬಿದ್ದರೆ ಬಿದಿರು ಕೊರೆಯುವ ಹುಳು ಒಳಗಿದೆ. ಅದನ್ನು ಬಿಟ್ಟು ಬೇರೆಯದನ್ನು ಆರಿಸಿ. ಅಂಟಿದ ಗೂಡಿನ ಎಳೆಗಳನ್ನು ಬೆಂಕಿಯಲ್ಲಿ ಸುಡಬೇಡಿ, ಒಣ ಬಿದಿರು ತಕ್ಷಣ ಹತ್ತಿಕೊಳ್ಳುತ್ತದೆ. ಬಿಸಿನೀರು, ಗಟ್ಟಿ ಬ್ರಷ್ ಸಾಕು. ಆಮೇಲೆ ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಅಂಗಳದಲ್ಲಿ ತೊಳೆದು, ಅರ್ಧ ಗಂಟೆ ಬಿಟ್ಟು ಜಾಲಾಡಿಸಿ, ಬಿಸಿಲಿಗೆ ಎರಡು ದಿನ. ಇದರ ಜೊತೆ ಆಸಿಡ್, ಫಿನಾಯಿಲ್ ಯಾವುದನ್ನೂ ಬೆರೆಸಬೇಡಿ.

ಬಿದಿರಿನ ದಬ್ಬೆಯ ಹೊರಮೈ ನುಣುಪು, ಬಣ್ಣ ಹಿಡಿಯುವುದಿಲ್ಲ, ಒಳಮೈ ಕುಡಿಯುತ್ತದೆ. ಹೊರಮೈಯನ್ನು 120 ನಂಬರಿನಲ್ಲಿ ಉಜ್ಜಿ, ಎಮಲ್ಶನ್‌ಗೆ ಸಮಪಾಲು ನೀರು ಬೆರೆಸಿ ಬಳಿದು ತಕ್ಷಣ ಬಟ್ಟೆಯಲ್ಲಿ ಒರೆಸಿ. ನೇಯ್ಗೆ ಮುಚ್ಚದೆ ಬಣ್ಣದ ಛಾಯೆ ಮಾತ್ರ ಉಳಿಯುತ್ತದೆ. ಪೂರ್ತಿ ಬಳಿಯುವುದಕ್ಕಿಂತ ಸುರುಳಿಗೆ ಮಾತ್ರ ಬಣ್ಣ, ಹಿಂದಿನ ತಟ್ಟಿ ಹಾಗೇ ಇದ್ದರೆ ಚೆಂದ.

ಮನೆಯಲ್ಲಿ ಈಗಲೂ ಹುಳು ಸಾಕುತ್ತಿದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ: ಮರಕ್ಕೆ, ಬಿದಿರಿಗೆ ಹೊಡೆಯುವ ಕೀಟನಾಶಕ ಮನೆಯೊಳಗೆ ಬೇಡವೇ ಬೇಡ. ಅದರ ಲೇಶ ಸೋಕಿದರೂ ರೇಷ್ಮೆ ಹುಳು ಉಳಿಯುವುದಿಲ್ಲ. ಬಣ್ಣ, ವಾರ್ನಿಶ್ ಕೆಲಸವನ್ನೂ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಬಿಡುವಿನಲ್ಲೇ, ಹುಳು ಮನೆಯಿಂದ ದೂರದಲ್ಲಿ ಮಾಡಿ.

ಪ್ರಶ್ನೆ: ಹಳೇ ಕಾಟನ್ ಸೀರೆಯಲ್ಲಿ ಬಾಗಿಲಿಗೆ ಪರದೆ ಹೊಲಿಯಬಹುದೇ? ಎಷ್ಟಾಗುತ್ತದೆ?
— ಓದುಗರು, ಗೌರಿಬಿದನೂರು

ಉತ್ತರ: ಐದೂವರೆ ಮೀಟರಿನ ಸೀರೆಯಲ್ಲಿ ಏಳಡಿ ಬಾಗಿಲಿಗೆ ಎರಡು ಪರದೆ. ಮಡಿಕೆ ಸೇರಿ ಒಂದೊಂದಕ್ಕೆ 2.3 ಮೀಟರ್, ಉಳಿದ 90 ಸೆಂ.ಮೀ.ನಲ್ಲಿ ಎರಡು ದಿಂಬಿನ ಕವರು. ನೆರಿಗೆ ಬೀಳಲು ಬಟ್ಟೆಯ ಅಗಲ ಬಾಗಿಲಿನ ಎರಡರಷ್ಟಿರಬೇಕು. ಮೂರಡಿ ಬಾಗಿಲಿಗೆ ಎರಡೂ ಪರದೆ ಸೇರಿ ಅದು ಸರಿಯಾಗುತ್ತದೆ. ಕತ್ತರಿಸುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಸವೆದ ಜಾಗ ಕಾಣುತ್ತದೆ. ರೇಷ್ಮೆ ಸೀರೆ ಮಾತ್ರ ಬಿಸಿಲು ಬೀಳುವ ಕಿಟಕಿಗೆ ಬೇಡ, ಮಡಿಕೆಯಲ್ಲೇ ಸೀಳುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಕೆನೆ ಬಣ್ಣ ಆರಿಸಿದ್ದೆವು, ರಾತ್ರಿ ಹೊತ್ತು ಮಂಕಾಗಿ, ನೀಲಿ ಬೆರೆತಂತೆ ಕಾಣುತ್ತದೆ. ಇನ್ನೊಂದು ರೂಮು ಬಾಕಿಯಿದೆ, 12ಕ್ಕೆ 10 ಅಡಿ. ಎಷ್ಟು ಲೀಟರ್ ಬೇಕು?
— ಓದುಗರು, ತುಮಕೂರು

ಉತ್ತರ: ಬಣ್ಣ ಬದಲಿಸುವ ಮೊದಲು ಬಲ್ಬು ಬದಲಿಸಿ. ಪೆಟ್ಟಿಗೆಯ ಮೇಲೆ 6500ಕೆ ಎಂದಿರುವ ಎಲ್‌ಇಡಿ ಬೆಳಕು ನೀಲಿಗೆ ವಾಲುತ್ತದೆ, 3000ಕೆ ಹಾಕಿದರೆ ಕೆನೆ ಕೆನೆಯಾಗೇ ಕಾಣುತ್ತದೆ. ಇನ್ನೊಂದು ರೂಮಿಗೆ ಎತ್ತರ ಹತ್ತಡಿಯಾದರೆ ನಾಲ್ಕು ಗೋಡೆ 440 ಚದರಡಿ, ಬಾಗಿಲು ಕಿಟಕಿ ಕಳೆದು ಸುಮಾರು 400. ಪುಟ್ಟಿ ಹಾಕಿದ ನುಣುಪು ಗೋಡೆಗೆ ಎರಡು ಸಲ ಬಳಿಯಲು ಲೀಟರಿಗೆ 100–120 ಚದರಡಿ ಲೆಕ್ಕ, ಹಾಗಾಗಿ ನಾಲ್ಕು ಲೀಟರಿನ ಒಂದು ಡಬ್ಬ. ಹೊಸ ಗಾರೆಯ ಗೋಡೆಯಾದರೆ 28 ದಿನ ಆಗದೆ ಡಬ್ಬ ತೆರೆಯಬೇಡಿ.