ಗ್ಯಾಲರಿ ದುಡ್ಡು ಶಾಲೆಗೆ ಬರಬೇಕಾದರೆ

ತೀರ್ಥಹಳ್ಳಿಯವರೇ, ಚಿತ್ರ ಮಾರಿದ ದುಡ್ಡಲ್ಲಿ ಒಂದು ಪಾಲನ್ನು ನಿಮ್ಮೂರ ಸರ್ಕಾರಿ ಶಾಲೆಗೆ ಕೊಡುತ್ತೇವೆ ಅಂತ ಗ್ಯಾಲರಿಯವರು ಹೇಳಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ಖಂಡಿತ ಒಪ್ಪಿ. ಆದರೆ ಯಾವುದರಲ್ಲಿ ಪಾಲು ಅಂತ ಮೊದಲೇ ಬರೆಸಿಕೊಳ್ಳಿ. ಗ್ಯಾಲರಿಗಳು ಸಾಮಾನ್ಯವಾಗಿ ಕಮಿಷನ್ ಹಿಡಿದು ಉಳಿದದ್ದನ್ನು ಕಲಾವಿದರಿಗೆ ಕೊಡುತ್ತವೆ, ಹಾಗಾಗಿ ಪೂರ್ತಿ ಬೆಲೆಯಲ್ಲಿ ಪಾಲು ಬೇರೆ, ಕಮಿಷನ್‌ನಲ್ಲಿ ಪಾಲು ಬೇರೆ, ಇನ್ನು ಖರ್ಚು ಕಳೆದ ಮೇಲೆ ಕೊಡುತ್ತೇವೆ ಅಂದರೆ ಕೆಲವು ಸಲ ಏನೂ ಉಳಿಯುವುದಿಲ್ಲ. ದುಡ್ಡು ಶಾಲೆ ನೋಡಿಕೊಳ್ಳುವ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಖಾತೆಗೇ ಬರಲಿ.

ನನ್ನ ಕೇಳಿದರೆ ದುಡ್ಡಿಗಿಂತ ಜಾಸ್ತಿ ಉಪಯೋಗ ಮಕ್ಕಳಿಗೆ ಚಿತ್ರ ಕಲಿಸುವವರಿಂದ. ಸಾಗರ, ಸೊರಬದ ಕಡೆ ಹಸೆ ಚಿತ್ತಾರ ಅನ್ನುವ ಗೋಡೆ ಚಿತ್ರ ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳಿದ್ದಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಕಪ್ಪಗೆ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಎಲ್ಲಾ ನಮ್ಮ ಕಡೆಯದ್ದೇ ಅಲ್ವಾ! ಅಂಥವರನ್ನು ಕರೆಸಿ, ಸಂಭಾವನೆ, ಬಸ್ ಚಾರ್ಜು ಗ್ಯಾಲರಿಯೇ ಕೊಡಲಿ. ಸೇವೆ ಅಂತ ಸುಮ್ನೆ ಪುಕ್ಕಟೆ ದುಡಿಸಬಾರದು.

ಮಕ್ಕಳು ಬರೆದದ್ದನ್ನು ಮಾರುವುದಾದರೆ ಮನೆಯವರ ಒಪ್ಪಿಗೆ ಪಡೆಯಿರಿ, ಚಿತ್ರದ ಕೆಳಗೆ ಮಗುವಿನ ಹೆಸರು ಹಾಕುವುದೂ ಅವರನ್ನು ಕೇಳಿಯೇ ಆಗಲಿ.