ನೀಲಗಿರಿ ಕಡಿದರೆ ಹಳ್ಳಕ್ಕೆ ನೀರು ಬರುತ್ತಾ?

ಗುಡಿಬಂಡೆ ಕಡೆಯ ಗೆಳೆಯರು ಕೇಳಿದ್ದಾರೆ: ಹಳ್ಳದ ಮೇಲಿನ ನೀಲಗಿರಿ ತೋಪು ಕಡಿದ ಮೇಲೆ, ಮಳೆ ನಿಂತರೂ ಮೂರು ವಾರ ನೀರು ಹರಿಯಿತು. ಮರ ಕಡಿದರೆ ಹಳ್ಳ ಬತ್ತಬೇಕಲ್ವಾ?

ಮೊದಮೊದಲು ಬತ್ತುವುದಿಲ್ಲ, ಜಾಸ್ತಿಯೇ ಹರಿಯುತ್ತದೆ. ಬೇರು ಎಳೆದು ಎಲೆಯಿಂದ ಗಾಳಿಗೆ ಬಿಡುತ್ತಿದ್ದ ನೀರು ಈಗ ಮಣ್ಣಲ್ಲೇ ಉಳಿಯಿತು, ಅಷ್ಟೇ. 1990ರ ಆಸುಪಾಸಿನಲ್ಲಿ ಇಲ್ಲೇ ಹೊಸಕೋಟೆ ಹತ್ತಿರ ನೀಲಗಿರಿ ತೋಪಿನಲ್ಲಿ ಅಳತೆ ಮಾಡಿದ್ದರು. ಬಿದ್ದ ಮಳೆಗಿಂತ ಮರ ಕುಡಿದದ್ದೇ ಜಾಸ್ತಿ! ಆಳದ ಹಳೇ ತೇವವನ್ನೂ ಬಿಟ್ಟಿರಲಿಲ್ಲ.

ಆದರೆ ಈ ಸುಗ್ಗಿ ಎಷ್ಟು ದಿನ? ನಮ್ಮ ಪಕ್ಕದ ಹೊಲದಲ್ಲಿ ಕಡಿದ ಎರಡೇ ತಿಂಗಳಿಗೆ ಒಂದೊಂದು ಮೋಟಿನ ಸುತ್ತ ಹತ್ತು ಹನ್ನೆರಡು ಚಿಗುರು ಎದ್ದವು. ಎಲೆ ಹಿಸುಕಿದರೆ ಮೂಗಿಗೆ ಹೊಡೆಯುವ ಘಾಟು. ಚಿಗುರು ಹೊಸದು, ಬೇರು ಮಾತ್ರ ಆಗಲೇ ಆಳಕ್ಕೆ ಇಳಿದಿದೆ. ಊಟಿ ಕಡೆ ಹುಲ್ಲುಗಾವಲಿನಲ್ಲಿ ಈ ಮರ ನೆಟ್ಟು ತೊರೆ ಅಳೆದಾಗ, ಮೊದಲ ಬೆಳೆಯಲ್ಲಿ ನೀರು ಸುಮಾರು 16% ಇಳಿಯಿತು. ಕಡಿದು ಚಿಗುರಿಸಿದ ಎರಡನೇ ಬೆಳೆಯಲ್ಲಿ ಸುಮಾರು 25%. ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರವೂ 1939ರಲ್ಲಿ ಸುಟ್ಟ ಕಾಡು ಮತ್ತೆ ಬೆಳೆದಾಗ, 25-30 ವರ್ಷದ ಹೊತ್ತಿಗೆ ತೊರೆಗಳ ನೀರು ಹೆಚ್ಚುಕಮ್ಮಿ ಅರ್ಧಕ್ಕೆ ಬಂದಿತ್ತು. ಎಳೇ ಕಾಡಿಗೆ ದಾಹ ಜಾಸ್ತಿ.

ಹಾಗಂತ ಬೆಟ್ಟದ ಹಳೇ ಕಾಡನ್ನೂ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ, ಯಾರೂ ಜಗಳಕ್ಕೆ ಬರಬೇಡಿ. ಅಲ್ಲಿ ತರಗೆಲೆ, ಗೆದ್ದಲು ತೂತು, ಸತ್ತ ಬೇರು ಎಲ್ಲ ಸೇರಿ ಮಳೆಯನ್ನು ಒಳಗೆ ಬಿಡುತ್ತವೆ. ಕಡಿದು, ದನ ನುಗ್ಗಿ, ಜೆಸಿಬಿ ಓಡಾಡಿದರೆ ಮಣ್ಣು ಗಟ್ಟಿಯಾಗುತ್ತದೆ. ಮಳೆ ಬಂದ ದಿನ ಕೆಂಪು ನೀರು ನುಗ್ಗುತ್ತದೆ, ಕೆರೆಗೆ ಹೂಳು ತುಂಬುತ್ತದೆ, ಬೇಸಿಗೆಗೆ ಹಳ್ಳ ಒಣ.

ನಿಮ್ಮದು ಯಾವ ಥರ ಅಂತ ನೋಡಬೇಕಾ? ಜೋರು ಮಳೆ ದಿನ ಹಳ್ಳದ ನೀರು ಒಂದು ಬಾಟಲಿ ಹಿಡಿದು ರಾತ್ರಿಯೆಲ್ಲಾ ಇಡಿ. ತಳದಲ್ಲಿ ಬೆರಳು ದಪ್ಪ ಮಣ್ಣು ಕೂತರೆ ಇಳಿಜಾರು ಕೊಚ್ಚಿಹೋಗುತ್ತಿದೆ ಅಂತಲೇ. ಇಡೀ ತೋಪನ್ನು ಒಂದೇ ಸಲ ಅಗೆಸಬೇಡಿ. ಅಡ್ಡಡ್ಡ ಬದು ಹಾಕಿಸಿ, ಹುಲ್ಲು ಬರಲು ಬಿಡಿ, ನಡುನಡುವೆ ಹೊಂಗೆ, ಹುಣಸೆ ದೂರದೂರಕ್ಕೆ ನೆಡಿ. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದಕ್ಕೆ ರಾಜ್ಯದಲ್ಲಿ ನಿಷೇಧ ಬಂತು, ಹಳೇ ಮೋಟುಗಳಿಗೆ ಅದು ಗೊತ್ತಿಲ್ಲವಲ್ಲ! ಚಿಗುರು ಮೊಣಕಾಲುದ್ದ ಆಗುವ ಮುಂಚೆ ತೆಗೆಸಿ. ಈಗಾದರೆ ಕೈಯಲ್ಲೇ ಮುರಿಯುತ್ತವೆ, ಆಮೇಲೆ ಮಚ್ಚು ಬೇಕು, ಕೂಲಿಯೂ ಬೇಕು.